ಹಲ್ಲು ನೋಡಲು ಬರುವವರಿಗೆ: ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಸಾರ್ವಜನಿಕ ಆರೋಗ್ಯ, ಸಮುದಾಯ ವೈದ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿ ಮಿತ್ರರೇ,



ಈ ವರ್ಷವೂ ನಿಮ್ಮಲ್ಲಿ ಕೆಲವರು ಹಿರಿಯೂರು ತಾಲ್ಲೂಕಿನ ಹಳ್ಳಿಗಳಿಗೆ ಬರುತ್ತೀರಿ. ಕಾಲೇಜಿನ ವ್ಯಾನು ಹನ್ನೊಂದರ ಹೊತ್ತಿಗೆ ಪಂಚಾಯಿತಿ ಕಚೇರಿ ಮುಂದೆ ನಿಲ್ಲುತ್ತದೆ. ಬಿಳಿ ಕೋಟು ತೊಟ್ಟವರು ಇಳಿಯುತ್ತೀರಿ. ಆಶಾ ಕಾರ್ಯಕರ್ತೆ ಆಗಲೇ ಕಾದು ನಿಂತಿರುತ್ತಾರೆ. ಸಂಜೆ ನಾಲ್ಕಕ್ಕೆ ವ್ಯಾನು ವಾಪಸ್ಸು. ಅಷ್ಟರಲ್ಲಿ ಒಂದು ಊರಿನ ಹಲ್ಲು, ರಕ್ತ, ಶೌಚಾಲಯ, ಬಾಣಂತನ ಎಲ್ಲವೂ ನಿಮ್ಮ ಹಾಳೆಗಳಲ್ಲಿ ತುಂಬಿಕೊಂಡಿರುತ್ತದೆ.

ನಾನು ಡಾಕ್ಟರಲ್ಲ, ಪ್ರೊಫೆಸರೂ ಅಲ್ಲ. ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿ ಸೇರಿ, ಹಿರಿಯ ಸಹಾಯಕನಾಗಿ ನಿವೃತ್ತನಾದವನು. ಹದಿನೈದು ದಿನಕ್ಕೊಮ್ಮೆ ಮನೆ ಬಾಗಿಲಿಗೆ ಹೋಗಿ ಯಾರಿಗಾದರೂ ಜ್ವರ ಇದೆಯಾ ಎಂದು ಕೇಳಿ, ಇದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಲೇಪಿಸಿ, ಗೋಡೆ ಮೇಲೆ ತಾರೀಕು ಬರೆದು ಮುಂದಿನ ಮನೆಗೆ ಹೋಗುವುದು ನಮ್ಮ ಕೆಲಸ. ಜನ ನಮಗೆ ಹೆಸರಿಟ್ಟು ಕರೆಯುತ್ತಿರಲಿಲ್ಲ, “ಮಲೇರಿಯಾದೋರು ಬಂದ್ರು” ಅನ್ನುತ್ತಿದ್ದರು. ಈಗ ನನ್ನೂರು ಹರಿಯಬ್ಬೆಯಲ್ಲೇ ಇದ್ದೇನೆ. ಕಾಲೇಜುಗಳ ತಂಡ ಬಂದಾಗ ಮನೆ ತೋರಿಸಲು ನನ್ನನ್ನು ಕರೆಯುವುದು ರೂಢಿಯಾಗಿಬಿಟ್ಟಿದೆ. ಹಾಗೆ ನಿಮ್ಮ ಹಿಂದೆ ಮುಂದೆ ಓಡಾಡಿ ಕಂಡದ್ದನ್ನು ಹೇಳಬೇಕೆಂದು ಈ ಪತ್ರ.

ನಿಮಗೆ ಸಂಶೋಧನಾ ವಿಧಾನ ಅಂತ ಒಂದು ಪಾಠವಿದೆ. ನೀವು ಬಿಟ್ಟುಹೋದ ಪುಸ್ತಕಗಳನ್ನು ನಾನೂ ತಿರುವಿ ನೋಡಿದ್ದೇನೆ. ಒಳ್ಳೆಯ ಪುಸ್ತಕಗಳು. ತಕರಾರು ಇರುವುದು ಅದನ್ನು ಕಲಿಯುವ ಕ್ರಮದ ಮೇಲೆ. ಸ್ನಾತಕೋತ್ತರ ಕೋರ್ಸಿಗೆ ಸೇರಿದ ಕೆಲವೇ ತಿಂಗಳಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್ ಕಳಿಸಬೇಕು. ವಿಷಯ, ಉದ್ದೇಶ, ಎಷ್ಟು ಜನ, ಯಾವ ಪ್ರಶ್ನೆ, ಯಾವ ಲೆಕ್ಕ, ಎಲ್ಲವೂ ಅದರಲ್ಲಿ ಬರೆದಾಗಿರಬೇಕು. ಊರು ನೋಡುವುದು ಆಮೇಲೆ. ಹೀಗಾಗಿ ನಮ್ಮೂರಿಗೆ ಬರುವ ಪ್ರಶ್ನೆ ನಮ್ಮೂರನ್ನು ನೋಡದೆಯೇ ಹುಟ್ಟಿರುತ್ತದೆ. ನನ್ನ ಮೊದಲ ಮತ್ತು ಮುಖ್ಯ ವಿನಂತಿ ಇದೇ: ಸಿನಾಪ್ಸಿಸ್ ಬರೆಯುವ ಮುಂಚೆ ಒಂದು ಸಲ ಬನ್ನಿ. ಖಾಲಿ ಕೈಯಲ್ಲಿ ಬನ್ನಿ.

ಯಾಕೆ ಎಂಬುದಕ್ಕೆ ಹಲ್ಲಿನ ವಿಷಯವನ್ನೇ ತೆಗೆದುಕೊಳ್ಳೋಣ.

ಚಿತ್ರದುರ್ಗ ಜಿಲ್ಲೆಗೆ ಬರುವ ನಿಮ್ಮಲ್ಲಿ ಅನೇಕರಿಗೆ ಫ್ಲೋರೈಡ್ ಬೇಕು. ನಮ್ಮ ನೆಲದಡಿಯ ಗಟ್ಟಿ ಕಲ್ಲಿನಲ್ಲಿ ಅದು ಇದೆ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ, ನೀರು ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತಷ್ಟೂ ಕರಗಿ ಬರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ಮೀರಿದರೆ ಮೊದಲು ಗೊತ್ತಾಗುವುದು ಮಕ್ಕಳ ಹಲ್ಲಿನಲ್ಲಿ. ಸುಣ್ಣದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ. ಇನ್ನೂ ಹೆಚ್ಚಾದರೆ ಮೂಳೆಗೆ ಇಳಿಯುತ್ತದೆ. ಬೆನ್ನು ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ಜನರನ್ನು ನೋಡಿ. ಆಗ ಅದು ಮದ್ರಾಸ್ ಪ್ರಾಂತ್ಯ.

ಒಂದು ತಂಡದ ಜೊತೆ ಹೋಗಿದ್ದೆ. ಯಾವ ಕಾಲೇಜು ಎಂದು ಹೇಳುವುದಿಲ್ಲ. ಹುಡುಗರು ಬುದ್ಧಿವಂತರು, ವಿನಯವಂತರು. ಹಾಳೆಯಲ್ಲಿ ಒಂದು ಪ್ರಶ್ನೆ: “ನಿಮ್ಮ ಕುಡಿಯುವ ನೀರಿನ ಮೂಲ ಯಾವುದು?” ಕೆಳಗೆ ನಾಲ್ಕು ಚೌಕ. ಒಂದಕ್ಕೆ ಟಿಕ್ ಹಾಕಬೇಕು. ಮನೆಯ ಹೆಂಗಸು “ಫಿಲ್ಟರ್ ನೀರು” ಅಂದರು. ಟಿಕ್ ಬಿತ್ತು. ಮುಂದಿನ ಪ್ರಶ್ನೆಗೆ ಹೋದರು. ನಾನು ನಡುವೆ ಬಾಯಿ ಹಾಕಿ, “ಮುದ್ದೆ ಯಾವ ನೀರಲ್ಲಿ ಮಾಡ್ತೀಯವ್ವ?” ಅಂದೆ. “ಅದಕ್ಕೆಲ್ಲ ಫಿಲ್ಟರ್ ನೀರು ಎಲ್ಲಿಂದ ತರಾನ? ಮಿನಿ ಟ್ಯಾಂಕಿಂದೇಯ.” ಸಾರಿಗೆ? ಅದೂ ಬೋರಿನ ನೀರು ತುಂಬುವ ಆ ಮಿನಿ ಟ್ಯಾಂಕಿನದೇ. ಹೊಲಕ್ಕೆ ಹೋದಾಗ? ಮೋಟಾರು ಬಿಟ್ಟಾಗ ಪೈಪಿಗೆ ಬಾಯಿಟ್ಟು ಕುಡಿಯುವುದು. ಶಾಲೆಗೆ ಹೋಗುವ ಮಗು? ಶಾಲೆಯ ನಲ್ಲಿ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ ಕ್ಯಾನಿನ ನೀರು ಮನೆಯಲ್ಲಿ ಕೂತಾಗ ಕುಡಿಯಲು ಮಾತ್ರ. ಘಟಕ ಕೆಟ್ಟ ವಾರ ಅದೂ ಇಲ್ಲ. ರಾಗಿ ಹಿಟ್ಟು ಎಷ್ಟು ನೀರು ಹೀರುತ್ತದೆ ಎಂದು ಒಮ್ಮೆ ಒಲೆ ಮುಂದೆ ಕೂತು ನೋಡಿದವರಿಗೆ ಆ ನಾಲ್ಕು ಚೌಕ ಸಾಲುವುದಿಲ್ಲ ಎಂದು ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹಲ್ಲಿನ ಎನಾಮಲ್ ಆಗುವುದು ಎಳವೆಯಲ್ಲಿ, ಸುಮಾರು ಎಂಟು ವರ್ಷದೊಳಗೆ. ಹದಿನಾಲ್ಕರ ಹುಡುಗನ ಹಲ್ಲಿನ ಕಲೆ ಅವನು ಮೂರು ನಾಲ್ಕು ವರ್ಷದವನಿದ್ದಾಗ ಕುಡಿದ ನೀರಿನದು. ಆ ಕೊಳವೆಬಾವಿ ಬತ್ತಿ ಯಾವ ಕಾಲವಾಯಿತೋ! ನೀವು ಇವತ್ತಿನ ಬೋರಿನ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗಿ, ಇವತ್ತಿನ ಹಲ್ಲಿನ ಜೊತೆ ಹೋಲಿಸಿ, ಎರಡಕ್ಕೂ ಸಂಬಂಧ ಕಾಣಲಿಲ್ಲ ಎಂದು ಬರೆಯುತ್ತೀರಿ. ಅಥವಾ ಸಂಬಂಧ ಇದೆ ಎಂದು ಬರೆಯುತ್ತೀರಿ. ಎರಡೂ ಆಕಸ್ಮಿಕ. ಅದೇ ತಂಡ ಒಬ್ಬ ನಡುವಯಸ್ಸಿನ ಹೆಂಗಸಿನ ಹಲ್ಲು ನೋಡಿ ದಾಖಲಿಸಿಕೊಳ್ಳುತ್ತಿದ್ದಾಗ ಆಕೆ ನಕ್ಕು ಹೇಳಿದ್ದು ಇದು: “ಇದು ಈ ಊರ ನೀರಿನ ಹಲ್ಲಲ್ಲ ಕಣಪ್ಪ, ನಮ್ಮ ತವರಿನ ನೀರಿಂದು.” ಆಕೆಯ ತವರು ಪಾವಗಡದ ಕಡೆ. ಹಾಳೆಯಲ್ಲಿ ತವರೂರಿಗೆ ಜಾಗವೇ ಇರಲಿಲ್ಲ. ಹಳ್ಳಿಯ ಮದುವೆಯಾದ ಹೆಂಗಸರಲ್ಲಿ ಹೆಚ್ಚಿನವರು ಬೇರೆ ಊರಿಂದ ಬಂದ ಸೊಸೆಯರು. ಈ ಒಂದು ಸಂಗತಿ ಮರೆತರೆ ನಿಮ್ಮ ಕೋಷ್ಟಕದ ಅರ್ಧ ಭಾಗ ಬೇರೆ ಊರುಗಳ ಕಥೆ ಹೇಳುತ್ತದೆ.

ಹಲ್ಲಿನ ಕಲೆ ಎಂದರೆ ಎಲ್ಲವೂ ಫ್ಲೋರೈಡಿನದೂ ಅಲ್ಲ. ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಕೂಡ ಕಂದು ಬಣ್ಣವನ್ನೇ ಕೊಡುತ್ತವೆ. ಫ್ಲೋರೈಡಿನ ಗುರುತು ಸಾಮಾನ್ಯವಾಗಿ ಎಡಬಲ ಎರಡೂ ಕಡೆ ಸಮನಾಗಿ ಇರುತ್ತದೆ, ಕೆರೆದರೆ ಹೋಗುವುದಿಲ್ಲ. ಈ ಕಲೆ ಅಳೆಯುವ ಡೀನ್ ಸೂಚ್ಯಂಕದ ಆರು ದರ್ಜೆಗಳಲ್ಲಿ ಒಂದೇ ಹಲ್ಲನ್ನು ನಿಮ್ಮಲ್ಲಿ ಒಬ್ಬರು “ಸೌಮ್ಯ” ಅಂದರೆ ಇನ್ನೊಬ್ಬರು “ಮಧ್ಯಮ” ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇಬ್ಬರೂ ಒಂದೇ ಮಕ್ಕಳ ಬಾಯಿ ನೋಡಿ ಎಷ್ಟು ಸಲ ಒಪ್ಪುತ್ತೀರಿ ಎಂದು ಲೆಕ್ಕ ಹಾಕಿಕೊಂಡು ಆಮೇಲೆ ಊರಿಗೆ ಬಂದರೆ ಒಳ್ಳೆಯದು. ಹಾಗೆಯೇ ನೀರಿನ ಮಾದರಿ ಹಿಡಿಯಲು ಗಾಜಿನ ಬಾಟಲಿ ತರಬೇಡಿ. ಪ್ಲಾಸ್ಟಿಕ್‌ ತನ್ನಿ, ಗಾಜಿಗೆ ಫ್ಲೋರೈಡ್ ಅಂಟುತ್ತದೆ. ಇದು ನಿಮಗೆ ಗೊತ್ತಿರಬೇಕಾದ ಮಾತು, ನಾನು ಹೇಳಬಾರದು.

ನಿಮ್ಮ ಪುಸ್ತಕದ ಮೊದಲ ಅಧ್ಯಾಯದಲ್ಲೇ ಲಂಡನ್ನಿನ ಜಾನ್ ಸ್ನೋ ಇದ್ದಾನೆ. 1854ರ ಕಾಲರಾ, ಬ್ರಾಡ್ ಸ್ಟ್ರೀಟಿನ ಪಂಪು, ಆ ನಕ್ಷೆ. ನಕ್ಷೆ ಎಲ್ಲರಿಗೂ ನೆನಪಿರುತ್ತದೆ. ಅವನು ಅದೇ ವರ್ಷ ಮಾಡಿದ ಇನ್ನೊಂದು ಕೆಲಸ ಯಾರೂ ಹೇಳುವುದಿಲ್ಲ. ಎರಡು ಕಂಪನಿಗಳು ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಮನೆಗೆ ನೀರು ಕೊಡುತ್ತಿದ್ದವು. ಯಾವ ಕಂಪನಿಯ ನೀರು ಎಂದು ಕೇಳಿದರೆ ಬಾಡಿಗೆದಾರರಿಗೆ ಗೊತ್ತಿರಲಿಲ್ಲ. ಆಗ ಸ್ನೋ ಅಂಥ ಮನೆಗಳಿಂದ ಒಂದಿಷ್ಟು ನೀರು ಹಿಡಿದು ಅದರಲ್ಲಿನ ಉಪ್ಪಿನ ಅಂಶ ಪರೀಕ್ಷಿಸಿ ಇದು ಯಾರ ನೀರು ಎಂದು ಕಂಡುಹಿಡಿದ. ಜನರ ಉತ್ತರವನ್ನು ಅಲ್ಲಗಳೆಯಲಿಲ್ಲ, ಅದರ ಮೇಲೇ ಪೂರ್ತಿ ಭಾರ ಹಾಕಲೂ ಇಲ್ಲ. ಅಷ್ಟು ಶ್ರಮ ನಮ್ಮೂರ ಮಿನಿ ಟ್ಯಾಂಕಿಗೂ ಸಲ್ಲಬೇಕು.

ಇನ್ನು ಯಾರನ್ನು ನೋಡುತ್ತೀರಿ ಎಂಬ ಮಾತು. ಹನ್ನೊಂದು ಗಂಟೆಗೆ ಹಳ್ಳಿಯಲ್ಲಿ ಸಿಗುವವರು ಮುದುಕರು, ಬಾಣಂತಿಯರು, ಕಾಲು ನೋವಿನವರು. ದುಡಿಯುವವರು ಏಳಕ್ಕೇ ಹೊಲದಲ್ಲಿ. ಶೇಂಗಾ ಕೀಳುವಾಗಲಂತೂ ಊರೇ ಹೊಲದಲ್ಲಿರುತ್ತದೆ. ಇನ್ನೂ ಕೆಲವರು ಬೆಂಗಳೂರಿನ ಕಟ್ಟಡಗಳಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ. ಓದುವ ಹುಡುಗರು ಹಾಸ್ಟೆಲ್ಲಿನಲ್ಲಿ. ಸಿಕ್ಕವರನ್ನೇ ಎಣಿಸಿ ಇದು ಊರು ಅಂದರೆ, ಊರಿನ ಅರ್ಧ ಆರೋಗ್ಯ ಲೆಕ್ಕಕ್ಕೇ ಬರುವುದಿಲ್ಲ. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋಗುವುದು ಸುಲಭ. ಆದರೆ ಬೀಗ ಹಾಕಿದ್ದು ಯಾಕೆ ಎಂಬುದೇ ಅನೇಕ ಸಲ ನೀವು ಹುಡುಕುತ್ತಿರುವ ಸಂಗತಿ.

ಎಲ್ಲಿಂದ ಹೊರಡುತ್ತೀರಿ ಎಂಬುದೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಲಸಿಕೆ ಸಮೀಕ್ಷೆಗೆಂದು ಮಾಡಿದ್ದ ಒಂದು ಪದ್ಧತಿ ನಿಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. 30 ಊರು, ಊರಿಗೆ 7 ಮಕ್ಕಳು. ಊರ ನಡುವೆ ನಿಂತು ಬಾಟಲಿಯನ್ನೋ ಪೆನ್ನನ್ನೋ ತಿರುಗಿಸಿ, ಅದು ತೋರಿದ ದಿಕ್ಕಿಗೆ ನಡೆಯುತ್ತ ಮನೆ ಹಿಡಿಯುವುದು. ಲೆಕ್ಕದ ಪ್ರಕಾರ ಚೆನ್ನಾಗಿದೆ. ಆದರೆ ನಮ್ಮ ಕಡೆಯ ಊರಿನ ನಡು ಎಂದರೆ ದೇವಸ್ಥಾನ. ದಲಿತರ ಎಕೆ ಕಾಲೊನಿ ಒಂದು ಅಂಚಿಗೆ. ಗೊಲ್ಲರಹಟ್ಟಿ ಊರಾಚೆ. ಲಂಬಾಣಿ ತಾಂಡಾ ಇನ್ನೂ ಆಚೆ, ಕಾಗದದಲ್ಲಿ ಮಾತ್ರ ಇದೇ ಊರಿಗೆ ಸೇರಿದ್ದು. ನಡುವಿನಿಂದ ಹೊರಟ ಪೆನ್ನು ಏಳು ಮಕ್ಕಳನ್ನು ಮುಗಿಸುವ ಹೊತ್ತಿಗೆ ಅಲ್ಲಿಗೆ ತಲುಪಿಯೇ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2018ರ ಕೈಪಿಡಿಯಲ್ಲಿ ಆ ಪದ್ಧತಿಯನ್ನು ಬದಿಗಿಟ್ಟು, ಮೊದಲೇ ಮನೆಗಳ ಪಟ್ಟಿ ಮಾಡಿ ಆರಿಸಿ ಎಂದಿದೆ. ನಮ್ಮ ಹಳ್ಳಿಗಳಿಗೆ ಬರುವಾಗ ದಯಮಾಡಿ ಆ ಕೈಪಿಡಿ ಹಿಡಿದು ಬನ್ನಿ. ಪಟ್ಟಿ ಮಾಡುವಾಗ ಹಟ್ಟಿ, ತಾಂಡಾಗಳನ್ನು ಮೊದಲು ಬರೆದುಕೊಳ್ಳಿ, ಕೊನೆಗೆ ಸೇರಿಸುತ್ತೇನೆ ಎನ್ನಬೇಡಿ.

ಹಟ್ಟಿಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನು, ಹಸಿ ಬಾಣಂತಿಯನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ನವಜಾತ ಶಿಶು ಆರೈಕೆ ಎಂದು ಶೀರ್ಷಿಕೆ ಇಟ್ಟುಕೊಂಡು ಮನೆಮನೆ ತಿರುಗಿದರೆ, ಯಾರನ್ನು ನೋಡಲು ಬಂದಿರೋ ಅವರೇ ಯಾವ ಮನೆಯಲ್ಲೂ ಇರುವುದಿಲ್ಲ. ಮನೆಯ ಎಣಿಕೆ ಸರಿಯಿರುತ್ತದೆ, ಮಗು ಮಾತ್ರ ಎಣಿಕೆಯಿಂದ ಹೊರಗೆ. ಇದನ್ನು ತಿಳಿಯಲು ಹಟ್ಟಿಯ ಹಿರಿಯ ಹೆಂಗಸರ ಜೊತೆ ಅರ್ಧ ದಿನ ಕೂರಬೇಕು. ಬೈಯಲು, ಬುದ್ಧಿ ಹೇಳಲು ಹೋಗಬೇಡಿ. ಕೇಳಲು ಹೋಗಿ.

ಆಶಾ ಕಾರ್ಯಕರ್ತೆಯರ ಬಗ್ಗೆಯೂ ಹೇಳಿಬಿಡುತ್ತೇನೆ. ಅವರಿಲ್ಲದೆ ನಿಮ್ಮ ಕೆಲಸ ನಡೆಯುವುದಿಲ್ಲ, ನಮ್ಮ ಊರಿನದೂ ನಡೆಯುವುದಿಲ್ಲ. ಆದರೆ “ಆಶಾ ನಿಮ್ಮ ಮನೆಗೆ ತಿಂಗಳಿಗೊಮ್ಮೆ ಬರುತ್ತಾರಾ?” ಎಂದು ಕೇಳುವಾಗ ಆಶಾ ಪಕ್ಕದಲ್ಲೇ ನಿಂತಿದ್ದರೆ ಯಾರು ಇಲ್ಲ ಅಂದಾರು? ಸೊಸೆಯನ್ನು ಕೇಳಿದ ಪ್ರಶ್ನೆಗೆ ಅತ್ತೆ ಉತ್ತರ ಕೊಡುವುದೂ ಇದೇ ಜಾತಿಯ ತೊಂದರೆ. ಮನೆ ತೋರಿಸಿದ ಮೇಲೆ ಆಶಾ ಅವರನ್ನೂ ನನ್ನನ್ನೂ ಕಟ್ಟೆಯ ಮೇಲೆ ಕೂರಿಸಿ. ನಮಗೆ ಬೇಸರವಿಲ್ಲ.

384ರ ಮೇಲೂ ನನಗೊಂದು ಸಣ್ಣ ಜಗಳವಿದೆ. ನಿಮ್ಮ ಎಷ್ಟೋ ಪ್ರಬಂಧಗಳಲ್ಲಿ ನೋಡಬೇಕಾದ ಜನರ ಲೆಕ್ಕವಾಗಿ ಆ ಸಂಖ್ಯೆ ಇರುತ್ತದೆ. ಅರ್ಧ ಜನಕ್ಕೆ ಕಾಯಿಲೆ ಇರಬಹುದು, ನೂರಕ್ಕೆ ಐದರಷ್ಟು ಹೆಚ್ಚುಕಮ್ಮಿ ನಡೆದೀತು ಎಂದು ಸೂತ್ರಕ್ಕೆ ಹಾಕಿದರೆ ಬರುವ ಸಂಖ್ಯೆ ಅದು. ಲೆಕ್ಕ ತಪ್ಪಿಲ್ಲ. ಆದರೆ ಸೂತ್ರ ಒಬ್ಬರಿಗೂ ಇನ್ನೊಬ್ಬರಿಗೂ ನಂಟಿಲ್ಲ ಎಂದುಕೊಂಡಿದೆ. ಒಂದೇ ಟ್ಯಾಂಕಿನ ನೀರು ಕುಡಿದ 384 ಜನ ನೀರಿನ ಮಟ್ಟಿಗೆ ಹೆಚ್ಚುಕಮ್ಮಿ ಒಂದೇ ಸಾಕ್ಷಿ. ಒಂದು ಊರಿನಲ್ಲಿ ಅಷ್ಟು ಬಾಯಿ ತೆರೆಸುವ ಬದಲು ಹತ್ತಾರು ಟ್ಯಾಂಕುಗಳಿಗೆ ಹೋಗಿ ಒಂದೊಂದರಲ್ಲೂ ಕೆಲವರನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ. ಹೀಗೆ ಗುಚ್ಛಗಳಿಂದ (ಕ್ಲಸ್ಟರ್) ಆರಿಸಿದಾಗ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಬೇಕೆಂದು ನಿಮ್ಮ ಪುಸ್ತಕದಲ್ಲೇ ಇದೆ. ಅದು ಸಾಮಾನ್ಯವಾಗಿ ಒಂದೇ ಪ್ಯಾರಾ, ಅಧ್ಯಾಯದ ಕೊನೆಗೆ.

ಇಷ್ಟು ದೂರು ಹೇಳಿದ ಮೇಲೆ, ಚೆನ್ನಾಗಿ ಆದ ಕೆಲಸವನ್ನೂ ಹೇಳಬೇಕು. ಅದು ನಮ್ಮ ಪಕ್ಕದ ಜಿಲ್ಲೆಯಲ್ಲೇ ಆಗಿದೆ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಮೊದಲ ದೊಡ್ಡ ಕೆಲಸಗಳಲ್ಲೊಂದು ತುಮಕೂರು ಜಿಲ್ಲೆಯ ಹಳ್ಳಿಗಳ ಸಮೀಕ್ಷೆ. ಎಕ್ಸ್‌ರೇ ತೆಗೆದು, ಕಫ ಪರೀಕ್ಷೆ ಮಾಡಿ ಎಷ್ಟು ಜನಕ್ಕೆ ಕ್ಷಯ ಇದೆ ಎಂದು ನೋಡಿದರು. ಆ ಕಾಲದ ಪಂಡಿತರ ನಂಬಿಕೆ ಏನಿತ್ತೆಂದರೆ, ಹಳ್ಳಿಗರಿಗೆ ಅರಿವಿಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ, ದೇವರು ದಿಂಡರು ಅಂತ ಕೂರುತ್ತಾರೆ, ಆದ್ದರಿಂದ ಎಕ್ಸ್‌ರೇ ಗಾಡಿಯನ್ನು ಊರೂರಿಗೆ ಕಳಿಸಿ ಅವರನ್ನು ಹುಡುಕಿ ಹಿಡಿಯಬೇಕು. ಅದೇ ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಈ ನಂಬಿಕೆಯನ್ನೇ ಪ್ರಶ್ನೆ ಮಾಡಿಕೊಂಡರು. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳನ್ನು ಅವರ ಮನೆಯಲ್ಲೇ ಮಾತಾಡಿಸಿದರು. ನಿನಗೇನಾಗಿದೆ, ಏನನ್ನಿಸಿತು, ಏನು ಮಾಡಿದೆ. ಕಾಯಿಲೆ ಇಲ್ಲದವರನ್ನೂ ಹೋಲಿಕೆಗೆ ಕೇಳಿದರು.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನಲ್ಲಿ ಅವರು ಪ್ರಕಟಿಸಿದ ಉತ್ತರ ಪಂಡಿತರಿಗೆ ಮುಜುಗರ ತರುವಂಥದ್ದು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಬಹುಪಾಲು ಜನಕ್ಕೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಸಮೀಕ್ಷೆಗೆ ಮುಂಚೆಯೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದರು. ರೋಗಿ ಆಸ್ಪತ್ರೆಯನ್ನು ಹುಡುಕಿಕೊಂಡು ಬಂದಿದ್ದ, ಆಸ್ಪತ್ರೆಗೆ ರೋಗಿ ಕಾಣಿಸಿರಲಿಲ್ಲ. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತದ್ದು ಇದೇ ತಿಳಿವಳಿಕೆಯ ಮೇಲೆ: ಮಾಮೂಲಿ ಆರೋಗ್ಯ ಕೇಂದ್ರಕ್ಕೆ ಕೆಮ್ಮಿಕೊಂಡು ಬಂದವರ ಕಫವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಾನು ಇಲಾಖೆಯ ತರಬೇತಿಯೊಂದರಲ್ಲಿ ಈ ಕಥೆ ಕೇಳಿದೆ. ಆಮೇಲೆ ಯಾವ ಮನೆಗೆ ಹೋದರೂ “ಯಾಕೆ ಆಸ್ಪತ್ರೆಗೆ ಹೋಗಲಿಲ್ಲ” ಎಂದು ಕೇಳುವುದನ್ನು ಬಿಟ್ಟು “ಹೋದಾಗ ಏನಂದರು” ಎಂದು ಕೇಳಲು ಶುರುಮಾಡಿದೆ. ನಿಮ್ಮ ಪ್ರಶ್ನಾವಳಿಗಳಲ್ಲಿ ಜ್ಞಾನ, ಮನೋಭಾವ, ಆಚರಣೆ ಎಂಬ ಮೂರು ಭಾಗ ಇರುತ್ತದಲ್ಲ, ಮೂರೂ ಹಳ್ಳಿಯವರಿಗೆ. ಒಮ್ಮೆಯಾದರೂ ಅದೇ ಮೂರು ಭಾಗವನ್ನು ಆಸ್ಪತ್ರೆಯವರಿಗೂ, ನೀರು ಸರಬರಾಜು ಎಂಜಿನಿಯರಿಗೂ ತಯಾರಿಸಿ.

ಹಿರಿಯೂರಿಗೂ ಇಂಥ ಒಂದು ಹಳೆಯ ನಂಟಿದೆ. 1907ರಲ್ಲಿ ಮಾರಿಕಣಿವೆ ಅಣೆಕಟ್ಟು ಮುಗಿದು ನಾಲೆಗಳಲ್ಲಿ ನೀರು ಹರಿದಾಗ ಮಲೇರಿಯಾವೂ ಜೊತೆಗೇ ಹಬ್ಬಿತು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೈಹಾಕಿದಾಗ ಆರಿಸಿಕೊಂಡ ಜಾಗಗಳಲ್ಲಿ ಹಿರಿಯೂರು, ಮೂಡಿಗೆರೆ ಎರಡೂ ಇದ್ದವು. ಮಲೆನಾಡಿನ ತೊರೆಯಲ್ಲಿ ಹುಟ್ಟುವ ಸೊಳ್ಳೆ ಬೇರೆ, ನಮ್ಮ ಬಯಲಿನ ನಾಲೆ ನೀರಿನ ಸೊಳ್ಳೆ ಬೇರೆ. ಒಂದು ಕಡೆ ಗೆದ್ದ ಉಪಾಯ ಇನ್ನೊಂದು ಕಡೆ ನಡೆಯಲಾರದು. ಊರು ನೋಡಿ ವಿಧಾನ ಕಟ್ಟುವುದು ಹೊಸ ಮಾತೇನಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ.

ಅಣೆಕಟ್ಟಿನ ಮಾತು ಬಂತಲ್ಲ, ಒಂದು ಉಪಯೋಗದ ಸಂಗತಿ. ಮಗುವಿನ ವಯಸ್ಸು ಕೇಳಿದರೆ ತಾಯಿಗೆ ತಾರೀಕು ನೆನಪಿರದಿದ್ದಾಗ ತಾಯಿ ಕಾರ್ಡು ಹುಡುಕುತ್ತೀರಿ, ಕಾರ್ಡು ತವರಿನಲ್ಲಿರುತ್ತದೆ. ಆಗ ಮಾರಿಕಣಿವೆ ಕೋಡಿ ಬಿದ್ದ ವರ್ಷಕ್ಕೆ ಹೋಲಿಸಿ ಕೇಳಿ. 1933ರ ನಂತರ ಮೊದಲ ಸಲ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ತಾಲ್ಲೂಕಿನ ಎಲ್ಲರಿಗೂ ಅದು ನೆನಪಿದೆ. “ಕೋಡಿ ಬಿದ್ದಾಗ ಇವನು ಹೊಟ್ಟೆಯಲ್ಲಿದ್ದ” ಅಂದರೆ, ಆಗ ಎಷ್ಟನೇ ತಿಂಗಳು ಎಂದು ಕೇಳಿ, ನಿಮಗೆ ಹುಟ್ಟಿದ ತಿಂಗಳು ಸಿಕ್ಕಿತು. ತೇರುಮಲ್ಲೇಶ್ವರನ ಜಾತ್ರೆ, ಗೌರಿ ಹಬ್ಬ, ಶೇಂಗಾ ಬಿತ್ತನೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದರೆ ವಯಸ್ಸಿನ ಕಾಲಂ ಅಂದಾಜಿನಲ್ಲಿ ತುಂಬಬೇಕಾಗಿಲ್ಲ.

ಇನ್ನು ಒಪ್ಪಿಗೆ ಪತ್ರ. ಮೂರು ಪುಟ, ಸಣ್ಣ ಅಕ್ಷರ, ಕೊನೆಗೆ ಹೆಬ್ಬೆಟ್ಟು. ಹೆಬ್ಬೆಟ್ಟು ಎಂದರೆ ನಮ್ಮ ಜನಕ್ಕೆ ಪಿಂಚಣಿ, ರೇಷನ್ ಕಾರ್ಡು, ಸಾಲ. “ಹಾಕಿದ್ರೆ ಏನಾರ ಬರ್ತದಾ, ಇಲ್ಲ ಇರೋದು ಹೋಗ್ತದಾ?” ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ. ಏನೂ ಬರುವುದಿಲ್ಲ, ಏನೂ ಹೋಗುವುದಿಲ್ಲ, ಬೇಡ ಅಂದರೂ ಯಾರೂ ಏನೂ ಅನ್ನುವುದಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಿ. ಕೆಲವರು ಬೇಡ ಅನ್ನುತ್ತಾರೆ. ಅನ್ನಲಿ. ಎಷ್ಟು ಜನ ಬೇಡ ಅಂದರು ಎಂಬುದನ್ನೂ ಪ್ರಬಂಧದಲ್ಲಿ ಬರೆಯಿರಿ. ಎಲ್ಲರೂ ಒಪ್ಪಿದರು ಎಂಬ ಪ್ರಬಂಧವನ್ನು ನಾನು ನಂಬುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ನೋಯಿಸುವುದು ನೀವು ತಿರುಗಿ ಬರದಿರುವುದು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಕೇಳಿರುತ್ತೀರಿ. 1970ರ ದಶಕದ ಮಧ್ಯದಲ್ಲಿ ಅಲ್ಲಿ ಬಡ ದಲಿತ ಕುಟುಂಬಗಳಲ್ಲಿ ಕೀಲುಗಳು ಹಿಡಿದು ನಡೆಯಲಾಗದಂತಾಗುವ ಕಾಯಿಲೆ ಬೆಳಕಿಗೆ ಬಂತು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಇರಬಹುದು ಎಂಬ ಅನುಮಾನ ಮೊದಲು ಬಂತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ಅದು ವಂಶದಲ್ಲಿ ಇಳಿದು ಬರುವ ಕಾಯಿಲೆ ಎಂದವು. ವರ್ಷಗಟ್ಟಲೆ ತಂಡಗಳು ಬಂದವು, ರಕ್ತ ತೆಗೆದವು, ಎಕ್ಸ್‌ರೇ ತೆಗೆದವು. ಕಾಯಿಲೆಗೆ ಹೆಸರು ಸಿಕ್ಕಿತು, ಅದೂ ಅವರ ಊರಿನದೇ ಹೆಸರು. ಕೂಲಿ ಮಾಡಲಾಗದವನ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆ ಹೆಸರಿನಿಂದ ಬಗೆಹರಿಯುವುದಿಲ್ಲ. ಸಮುದಾಯಕ್ಕೆ ಫಲಿತಾಂಶ ತಿಳಿಸಬೇಕು, ಪ್ರಯೋಜನದಲ್ಲಿ ಪಾಲು ಕೊಡಬೇಕು ಎಂದು ಅದೇ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ. ನೈತಿಕ ಸಮಿತಿಯ ಒಪ್ಪಿಗೆಗೆಂದು ನೀವು ಆ ಪುಸ್ತಕದ ಹೆಸರು ಬರೆದೇ ಬರೆಯುತ್ತೀರಿ.

ನಮ್ಮೂರಿನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದವರು ಯಾವ ಬೋರಿನಲ್ಲಿ ಎಷ್ಟು ಬಂತು ಎಂದು ನಮಗೆ ಹೇಳಿದ್ದು ಕಡಿಮೆ. ಸಂಖ್ಯೆ ಪ್ರಬಂಧದೊಳಗೆ ಇರುತ್ತದೆ, ಪ್ರಬಂಧ ಗ್ರಂಥಾಲಯದೊಳಗೆ. ಅದೇ ಬೋರಿನ ನೀರಲ್ಲಿ ಇವತ್ತೂ ಅಂಗನವಾಡಿಯ ಅಡುಗೆ ಆಗುತ್ತಿರಬಹುದು. ನಾನು ಕೇಳುವುದು ದೊಡ್ಡದೇನಲ್ಲ. ಒಂದು ಪುಟ, ಕನ್ನಡದಲ್ಲಿ. ಯಾವ ಟ್ಯಾಂಕು, ಯಾವ ಕೊಳವೆಬಾವಿ, ಲೀಟರಿಗೆ ಎಷ್ಟು, ಮಿತಿ ಎಷ್ಟು, ಚಿಕ್ಕ ಮಕ್ಕಳಿಗೆ ಯಾವ ನೀರು ಬೇಡ. ಅದನ್ನು ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಿ, ಪಿಡಿಒಗೆ ಒಂದು ಪ್ರತಿ ಕೊಡಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಒಂದು ಕಳಿಸಿ. ಗ್ರಾಮಸಭೆ ನಡೆಯುವ ದಿನ ಬಂದು ನಿಂತು ಓದಿದರೆ ಇನ್ನೂ ಒಳ್ಳೆಯದು. ಜನ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ನಿಮ್ಮ ವೈವಾ ಪರೀಕ್ಷಕರಿಗಿಂತ ಗಟ್ಟಿ ಪ್ರಶ್ನೆ. ಏನೂ ಸಿಗಲಿಲ್ಲ ಎಂದರೂ ಬಂದು ಹೇಳಿ. ಈ ಬೋರು ಸುರಕ್ಷಿತ ಎಂಬುದೂ ನಮಗೆ ಬೇಕಾದ ಸುದ್ದಿಯೇ.

ನಿಮ್ಮ ಗುರುಗಳಿಗೂ ಒಂದು ವಿನಂತಿ, ಅವರು ಇದನ್ನು ಓದಿದರೆ. ಮಕ್ಕಳಿಗೆ ಕ್ಷೇತ್ರದಲ್ಲಿ ಉಳಿಯಲು ದಿನ ಕೊಡಿ. 2022ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ಕುಟುಂಬ ದತ್ತು ಕಾರ್ಯಕ್ರಮ ಬಂದಿದೆ. ಒಂದೇ ಮನೆಗೆ ವರ್ಷ ವರ್ಷ ಹೋಗುವ ಅವಕಾಶ ಅದು. ಅದನ್ನು ಹಾಜರಿ ಪುಸ್ತಕದ ಸಹಿಗೆ ಇಳಿಸಬೇಡಿ. ಒಂದೇ ಮಗುವಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದನ್ನು, ಆ ವರ್ಷಗಳಲ್ಲಿ ಆ ಮನೆ ಯಾವ ನೀರು ಕುಡಿಯಿತು ಎಂಬುದನ್ನು ಬರೆದಿಟ್ಟ ಒಬ್ಬ ವಿದ್ಯಾರ್ಥಿಯ ಬಳಿ ಇರುವಂಥ ಮಾಹಿತಿ ಒಂದು ದಿನದ ವ್ಯಾನಿನ ತಂಡಕ್ಕೆ ಎಂದೂ ಸಿಗದು.

ನಿಮ್ಮ ಬಗ್ಗೆ ನನಗೆ ಅಕ್ಕರೆ ಇದೆ, ಅದಕ್ಕೇ ಇಷ್ಟು ಉದ್ದ ಬರೆದೆ. ಪಟ್ಟಣದಲ್ಲಿ ಕ್ಲಿನಿಕ್ ತೆರೆದು ಕೂರುವ ದಾರಿ ಬಿಟ್ಟು ಈ ಓದಿಗೆ ಬಂದಿದ್ದೀರಿ. ಶೇಂಗಾ ಕಿತ್ತು ಮುಗಿದ ಮೇಲೆ ಬನ್ನಿ, ಆಗ ಜನ ಮನೆಯಲ್ಲಿ ಸಿಗುತ್ತಾರೆ. ಸಂಜೆ ಆರರ ಮೇಲೆ ಬನ್ನಿ, ರಾತ್ರಿ ಉಳಿಯುವ ಹಾಗೆ ಬನ್ನಿ. ಉಳಿಯಲು ಜಾಗ, ಊಟಕ್ಕೆ ಮುದ್ದೆ ನನ್ನ ಮನೆಯಲ್ಲಿದೆ. ಮೊದಲ ಸಲ ಬರುವಾಗ ಪ್ರಶ್ನಾವಳಿ ತರಬೇಡಿ. ಎರಡನೆಯ ಸಲ ತನ್ನಿ. ಮೂರನೆಯ ಸಲ ಉತ್ತರ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ,
ಹರಿಯಬ್ಬೆ, ಹಿರಿಯೂರು ತಾಲ್ಲೂಕು,
ಚಿತ್ರದುರ್ಗ ಜಿಲ್ಲೆ